ಹೆಸರು ಹೇಳದ ಹಕ್ಕು, ಕೂಡಿ ಹೇಳುವ ಹಕ್ಕು

2016ರ ಅಕ್ಟೋಬರ್ 16ರ ಭಾನುವಾರ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ಸಾವಿರಾರು ನಾಗರಿಕರು ಮಾನವ ಸರಪಳಿ ರಚಿಸಿ ನಿಂತರು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ರಾಜ್ಯ ಸರ್ಕಾರ ಕಟ್ಟಲು ಹೊರಟಿದ್ದ ಉಕ್ಕಿನ ಮೇಲುಸೇತುವೆ ಬೇಡ ಎಂಬುದಷ್ಟೇ ಅವರ ಮಾತಾಗಿತ್ತು. 2021ರ ಫೆಬ್ರವರಿ 13ರ ಶನಿವಾರ ಅದೇ ಉತ್ತರ ಬೆಂಗಳೂರಿನ ಸೋಲದೇವನಹಳ್ಳಿಗೆ ಬಂದ ದೆಹಲಿ ಪೊಲೀಸರು 22 ವರ್ಷದ ಪರಿಸರ ಕಾರ್ಯಕರ್ತೆ ದಿಶಾ ರವಿ ಅವರನ್ನು ಬಂಧಿಸಿ ರಾಜಧಾನಿಗೆ ಕರೆದೊಯ್ದರು. ಅಂತರ್ಜಾಲದಲ್ಲಿ ಹಲವರು ಕೂಡಿ ಸಿದ್ಧಪಡಿಸಿದ ಒಂದು ಕಡತವನ್ನು ತಿದ್ದಿದರು, ಹಂಚಿದರು ಎಂಬುದು ಅವರ ಮೇಲಿದ್ದ ಆರೋಪ. ಹಚ್ಚಿದ ಕಲಮುಗಳಲ್ಲಿ ರಾಜದ್ರೋಹವೂ ಒಂದು.

ಈ ಎರಡು ಘಟನೆಗಳ ನಡುವಿನ ಅಂತರ ನಾಲ್ಕು ವರ್ಷ ನಾಲ್ಕು ತಿಂಗಳು. ಎರಡರಲ್ಲಿಯೂ ಪರಸ್ಪರ ಪರಿಚಯವಿಲ್ಲದ ಜನ ಅಂತರ್ಜಾಲದ ಮೂಲಕ ಒಂದಾದರು. ಎಲ್ಲಿ ಸೇರಬೇಕು, ಏನು ಬರೆಯಬೇಕು, ಯಾರಿಗೆ ಮನವಿ ಸಲ್ಲಿಸಬೇಕು ಎಂಬುದನ್ನು ಪರದೆಯ ಮೇಲೆಯೇ ನಿರ್ಧರಿಸಿದರು. ಒಂದನ್ನು ನಾವು ನಾಗರಿಕ ಜಾಗೃತಿ ಎಂದು ಮೆಚ್ಚಿದೆವು. ಇನ್ನೊಂದನ್ನು ಪ್ರಭುತ್ವ ಪಿತೂರಿ ಎಂದು ಕರೆಯಿತು. ಹಾಗಾದರೆ ಕೂಡುವುದು ಎಲ್ಲಿಯವರೆಗೆ ಹಕ್ಕು, ಎಲ್ಲಿಂದ ಅಪರಾಧ? ಹೆಸರು ಹೇಳದೆ ಮಾತನಾಡುವವನು ಹೇಡಿಯೋ, ಅಪರಾಧಿಯೋ, ಅಥವಾ ತನ್ನ ಹಕ್ಕನ್ನು ಚಲಾಯಿಸುತ್ತಿರುವ ಸಾಮಾನ್ಯ ಪ್ರಜೆಯೋ? ಈ ಪ್ರಶ್ನೆಗಳು ಅಂತರ್ಜಾಲಕ್ಕಿಂತ ಹಳೆಯವು. ಆದರೆ ಅಂತರ್ಜಾಲ ಅವನ್ನು ನಮ್ಮೆಲ್ಲರ ಮನೆಯೊಳಕ್ಕೆ ತಂದು ನಿಲ್ಲಿಸಿದೆ.

ಸೇತುವೆ ನಿಂತದ್ದು ಹೇಗೆ?

ಉಕ್ಕಿನ ಸೇತುವೆಯ ಯೋಜನೆ ಸಣ್ಣದೇನಲ್ಲ. ಉದ್ದ ಸುಮಾರು 6.7 ಕಿಲೋಮೀಟರ್, ಅಂದಾಜು ವೆಚ್ಚ 1,791 ಕೋಟಿ ರೂಪಾಯಿ, ಬಲಿಯಾಗಬೇಕಿದ್ದ ಮರಗಳು 812. ಇಷ್ಟು ದೊಡ್ಡ ಕಾಮಗಾರಿಯ ಬಗ್ಗೆ ಜನರ ಅಭಿಪ್ರಾಯ ಕೇಳಿದ್ದು ಮಾತ್ರ ಹೆಸರಿಗಷ್ಟೇ. ಆಗ ಹುಟ್ಟಿದ ‘ಸ್ಟೀಲ್ ಫ್ಲೈಓವರ್ ಬೇಡ’ ಚಳವಳಿಗೆ ಪಕ್ಷದ ಬಾವುಟವಿರಲಿಲ್ಲ. ‘ಸಿಟಿಜನ್ಸ್ ಫಾರ್ ಬೆಂಗಳೂರು’ ಎಂಬ ಹೆಸರಿನಲ್ಲಿ ನಾಗರಿಕರು ಒಟ್ಟುಗೂಡಿದರು. ‘ಬೇಡ’ ಎಂಬ ಎರಡಕ್ಷರದ ಕನ್ನಡ ಪದ ಕನ್ನಡ ಬಾರದವರ ಬಾಯಲ್ಲೂ ಘೋಷಣೆಯಾಯಿತು. ವಾಟ್ಸ್‌ಆ್ಯಪ್ ಗುಂಪುಗಳು, ಫೇಸ್‌ಬುಕ್ ಪುಟಗಳು, ಟ್ವಿಟರ್‌ನ ಹ್ಯಾಷ್‌ಟ್ಯಾಗ್‌ಗಳು ಕರಪತ್ರದ ಕೆಲಸವನ್ನೂ ಟಾಂಟಾಂ ಹೊಡೆಯುವ ಕೆಲಸವನ್ನೂ ಮಾಡಿದವು. ಅದೇ ತಿಂಗಳ ಕೊನೆಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಯೋಜನೆಗೆ ತಡೆ ನೀಡಿತು. 2017ರ ಮಾರ್ಚ್ 2ರಂದು ಸರ್ಕಾರವೇ ಅದನ್ನು ಕೈಬಿಟ್ಟಿತು.

ಅಂದು ಸಾಲಿನಲ್ಲಿ ನಿಂತ ಎಷ್ಟೋ ಮಂದಿಗೆ ಕರೆ ಕಳಿಸಿದವರು ಯಾರೆಂಬುದೇ ಗೊತ್ತಿರಲಿಕ್ಕಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಮರಗಳ ಸಂಖ್ಯೆ ನಿಜವೇ, ವೆಚ್ಚದ ಲೆಕ್ಕ ನಿಜವೇ ಎಂಬುದು ಮುಖ್ಯವಾಗಿತ್ತೇ ಹೊರತು ಸಂದೇಶ ಬರೆದವರ ಕುಲಗೋತ್ರವಲ್ಲ. ಸಂವಿಧಾನದ 19ನೇ ವಿಧಿ ವಾಕ್ ಸ್ವಾತಂತ್ರ್ಯ, ಶಾಂತಿಯುತವಾಗಿ ಸಭೆ ಸೇರುವ ಸ್ವಾತಂತ್ರ್ಯ, ಸಂಘ ಕಟ್ಟುವ ಸ್ವಾತಂತ್ರ್ಯ ಎಂದು ಮೂರು ಹಕ್ಕುಗಳನ್ನು ಒಂದರ ಪಕ್ಕ ಒಂದು ಇರಿಸಿರುವುದು ಅರ್ಥಪೂರ್ಣ. ಬಳ್ಳಾರಿ ರಸ್ತೆಯಲ್ಲಿ ಆ ಮೂರೂ ಹಕ್ಕುಗಳು ಒಂದೇ ಬೆಳಗ್ಗೆ ಚಲಾವಣೆಗೆ ಬಂದವು.

ಹೆಸರಿಲ್ಲದೆ, ನಾಯಕರಿಲ್ಲದೆ ಕೂಡುವುದು ವಿದ್ಯಾವಂತ ಮಧ್ಯಮ ವರ್ಗದ ಸೊತ್ತೇನೂ ಅಲ್ಲ. ಅದೇ 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿ ಹಣ ಹಿಂಪಡೆಯುವ ನಿಯಮವನ್ನು ಕೇಂದ್ರ ಸರ್ಕಾರ ಬಿಗಿಗೊಳಿಸಿದಾಗ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಹೆಣ್ಣುಮಕ್ಕಳು ಎರಡು ದಿನ ಹೊಸೂರು ರಸ್ತೆಯಲ್ಲಿ, ತುಮಕೂರು ರಸ್ತೆಯಲ್ಲಿ ಬೀದಿಗಿಳಿದರು. ಅವರಿಗೆ ಕರೆ ಕೊಟ್ಟ ಕಾರ್ಮಿಕ ಸಂಘವೊಂದೂ ಇರಲಿಲ್ಲ. ಏಪ್ರಿಲ್ 19ರಂದು ಸರ್ಕಾರ ಆ ಅಧಿಸೂಚನೆಯನ್ನು ಹಿಂತೆಗೆದುಕೊಂಡಿತು. ಮುಂದಾಳು ಯಾರೆಂದು ತಿಳಿದಿದ್ದರೆ ಕಾರ್ಖಾನೆಯ ಬಾಗಿಲು ಮೊದಲು ಮುಚ್ಚುತ್ತಿದ್ದುದು ಆಕೆಗೇ ಎಂಬುದನ್ನು ವಿವರಿಸಿ ಹೇಳಬೇಕಿಲ್ಲ.

ಒಂದು ಕಡತದ ಕಥೆ

ಇನ್ನು ದಿಶಾ ರವಿ ಪ್ರಕರಣ. ಅವರು ‘ಫ್ರೈಡೇಸ್ ಫಾರ್ ಫ್ಯೂಚರ್’ ಎಂಬ ಯುವ ಪರಿಸರ ಚಳವಳಿಯ ಭಾರತ ಶಾಖೆಯನ್ನು ಕಟ್ಟಿದವರಲ್ಲಿ ಒಬ್ಬರು. ಈ ಬಳಗಕ್ಕೆ ಪ್ರಭುತ್ವದ ಬಿಸಿ ತಟ್ಟಿದ್ದು ಅದೇ ಮೊದಲಲ್ಲ. 2020ರಲ್ಲಿ ಕೇಂದ್ರ ಸರ್ಕಾರ ಪರಿಸರ ಪರಿಣಾಮ ಅಧ್ಯಯನದ ಕರಡು ಅಧಿಸೂಚನೆಯನ್ನು ಹೊರಡಿಸಿದಾಗ ಅದನ್ನು ವಿರೋಧಿಸಿ ಸಚಿವರಿಗೆ ರಾಶಿರಾಶಿ ಮಿಂಚಂಚೆಗಳು ಹೋದವು. ಆ ಜುಲೈನಲ್ಲಿ ದೆಹಲಿ ಪೊಲೀಸರು ಚಳವಳಿಯ ಜಾಲತಾಣವನ್ನು ತಡೆಹಿಡಿಯಲು ನೀಡಿದ ನೋಟಿಸಿನಲ್ಲಿ ಭಯೋತ್ಪಾದನೆ ತಡೆಗಾಗಿ ಇರುವ ಯುಎಪಿಎ ಕಾಯ್ದೆಯನ್ನು ಉಲ್ಲೇಖಿಸಿದ್ದರು! ಟೀಕೆ ಬಂದ ಮೇಲೆ ಆ ನೋಟಿಸನ್ನು ಹಿಂಪಡೆಯಲಾಯಿತು. ಇದೇ ಕರಡನ್ನು ಕನ್ನಡವೂ ಸೇರಿದಂತೆ ಪ್ರಾದೇಶಿಕ ಭಾಷೆಗಳಲ್ಲಿ ಪ್ರಕಟಿಸದೆ ಜನಾಭಿಪ್ರಾಯ ಕೇಳುವುದು ಹೇಗೆ ಎಂಬ ಪ್ರಶ್ನೆ ಕರ್ನಾಟಕ ಹೈಕೋರ್ಟಿನ ಮುಂದೆ ಬಂದು, 2020ರ ಆಗಸ್ಟ್‌ನಲ್ಲಿ ನ್ಯಾಯಾಲಯ ಅಂತಿಮ ಅಧಿಸೂಚನೆಗೆ ಮಧ್ಯಂತರ ತಡೆ ನೀಡಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಅಂದರೆ ಮಿಂಚಂಚೆ ಕಳಿಸಿದವರ ಆಕ್ಷೇಪ ನ್ಯಾಯಾಲಯವೇ ಕಿವಿಗೊಡುವಂಥ ಆಕ್ಷೇಪವಾಗಿತ್ತು.

2021ರ ಫೆಬ್ರವರಿ 3ರಂದು ಸ್ವೀಡನ್ನಿನ ಗ್ರೇಟಾ ಥನ್‌ಬರ್ಗ್ ರೈತ ಹೋರಾಟವನ್ನು ಬೆಂಬಲಿಸುವ ಒಂದು ‘ಟೂಲ್‌ಕಿಟ್’ ಅನ್ನು ಟ್ವಿಟರ್‌ನಲ್ಲಿ ಹಂಚಿಕೊಂಡರು. ಯಾವ ಹ್ಯಾಷ್‌ಟ್ಯಾಗ್ ಬಳಸಬೇಕು, ಜನಪ್ರತಿನಿಧಿಗಳಿಗೆ ಹೇಗೆ ಬರೆಯಬೇಕು, ರಾಯಭಾರ ಕಚೇರಿಗಳ ಬಳಿ ಯಾವಾಗ ಸೇರಬೇಕು ಎಂಬ ಸೂಚನೆಗಳಿದ್ದ ಗೂಗಲ್ ಕಡತ ಅದು. ಗಣರಾಜ್ಯೋತ್ಸವದಂದು ದೆಹಲಿಯಲ್ಲಿ ನಡೆದ ಹಿಂಸಾಚಾರಕ್ಕೂ ಈ ಕಡತಕ್ಕೂ ನಂಟಿದೆ, ಇದರ ಹಿಂದೆ ವಿದೇಶದ ಪ್ರತ್ಯೇಕತಾವಾದಿಗಳಿದ್ದಾರೆ ಎಂಬುದು ಪೊಲೀಸರ ವಾದ. ಹಿಂಸೆ ನಡೆದದ್ದು ನಿಜ. ಅದರ ತನಿಖೆ ಪೊಲೀಸರ ಕರ್ತವ್ಯವೂ ಹೌದು. ಆದರೆ ಕಡತಕ್ಕೂ ಹಿಂಸೆಗೂ ಇರುವ ಕೊಂಡಿ ಎಲ್ಲಿ?

ಇದೇ ಪ್ರಶ್ನೆಯನ್ನು ಪಟಿಯಾಲಾ ಹೌಸ್ ನ್ಯಾಯಾಲಯದ ನ್ಯಾಯಾಧೀಶ ಧರ್ಮೇಂದರ್ ರಾಣಾ ಕೇಳಿದರು. ಸಮರ್ಪಕವಾದ ಉತ್ತರ ಅವರಿಗೆ ದೊರೆಯಲಿಲ್ಲ. ಫೆಬ್ರವರಿ 23ರಂದು ಜಾಮೀನು ನೀಡಿದ ಅವರ ಆದೇಶ ಇವತ್ತಿಗೂ ಓದಬೇಕಾದದ್ದು. ನಿರುಪದ್ರವಿ ಟೂಲ್‌ಕಿಟ್ ಒಂದನ್ನು ತಿದ್ದುವುದಾಗಲೀ ವಾಟ್ಸ್‌ಆ್ಯಪ್ ಗುಂಪನ್ನು ರಚಿಸುವುದಾಗಲೀ ಅಪರಾಧವಲ್ಲ. ಸಂಶಯಾಸ್ಪದ ವ್ಯಕ್ತಿಗಳೊಂದಿಗೆ ಒಂದೇ ವೇದಿಕೆಯಲ್ಲಿದ್ದ ಮಾತ್ರಕ್ಕೆ ಅವರ ಪಾಪ ಇವರಿಗೆ ಅಂಟುವುದಿಲ್ಲ. ವಾಕ್ ಸ್ವಾತಂತ್ರ್ಯವೆಂದರೆ ಜಗತ್ತಿನ ಕೇಳುಗರನ್ನು ತಲುಪುವ ಹಕ್ಕೂ ಹೌದು. ಸರ್ಕಾರಗಳ ಅಹಂಕಾರಕ್ಕೆ ಆದ ಗಾಯಕ್ಕೆ ರಾಜದ್ರೋಹದ ಕಲಮು ಮುಲಾಮಲ್ಲ ಎಂಬುದು ಆ ಆದೇಶದ ಸಾರ.

ಆದೇಶ ಘನವಾದದ್ದೇ. ಆದರೆ ಅದು ಬರುವ ಹೊತ್ತಿಗೆ ಹತ್ತು ದಿನಗಳು ಕಳೆದಿದ್ದವು. ಬೆಂಗಳೂರಿನಿಂದ ಎರಡು ಸಾವಿರ ಕಿಲೋಮೀಟರಿನಷ್ಟು ದೂರದಲ್ಲಿ ಪೊಲೀಸ್ ಕಸ್ಟಡಿ, ನ್ಯಾಯಾಂಗ ಬಂಧನ, ಟಿ.ವಿ. ವಾಹಿನಿಗಳಲ್ಲಿ ಖಾಸಗಿ ಚಾಟ್‌ಗಳ ಪ್ರದರ್ಶನ ಎಲ್ಲವೂ ಆಗಿಹೋಗಿತ್ತು. ಬಿಡುಗಡೆಯ ನಂತರವೂ ನ್ಯಾಯಾಲಯದ ಅನುಮತಿಯಿಲ್ಲದೆ ದೇಶ ಬಿಡುವಂತಿಲ್ಲ ಎಂಬ ಷರತ್ತು ಉಳಿಯಿತು. ಇಂಥ ಪ್ರಕರಣಗಳಲ್ಲಿ ವಿಚಾರಣೆಯ ಪ್ರಕ್ರಿಯೆಯೇ ಶಿಕ್ಷೆ. ಅದನ್ನು ಕಂಡ ನೂರಾರು ಎಳೆಯರು ಗುಂಪುಗಳಿಂದ ಸದ್ದಿಲ್ಲದೆ ಹೊರನಡೆದಿದ್ದರೆ ಅದನ್ನು ಲೆಕ್ಕ ಇಡುವವರು ಯಾರು?

ರಾಜದ್ರೋಹದ ಕಲಮಿನ ಮುಂದಿನ ಗತಿಯಲ್ಲೂ ಕನ್ನಡ ನಾಡಿನ ಪಾತ್ರವಿದೆ. ಮೈಸೂರಿನಲ್ಲಿ ನೆಲೆಸಿದ ನಿವೃತ್ತ ಮೇಜರ್ ಜನರಲ್ ಎಸ್.ಜಿ. ವೊಂಬತ್ಕೆರೆ ಅವರ ಅರ್ಜಿಯ ವಿಚಾರಣೆಯಲ್ಲೇ 2022ರ ಮೇ 11ರಂದು ಸುಪ್ರೀಂ ಕೋರ್ಟ್ 124ಎ ಕಲಮನ್ನು ತಡೆಹಿಡಿಯಿತು. ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. ಹಳೆಯ ದಂಡಸಂಹಿತೆ 2024ರ ಜುಲೈ 1ರಂದು ತೆರೆಮರೆಗೆ ಸರಿಯಿತಾದರೂ, ಹೊಸ ನ್ಯಾಯಸಂಹಿತೆಯ 152ನೇ ಕಲಮು ಹಳೆಯದರ ನೆರಳಿನಂತೆಯೇ ಇದೆ.

ಹೆಸರು ಬೇಡ, ಊರು ಬೇಡ

ಹೇಳುವುದಿದ್ದರೆ ಹೆಸರು ಹಾಕಿ ಹೇಳಲಿ, ಬಚ್ಚಿಟ್ಟುಕೊಳ್ಳುವುದೇಕೆ ಎಂಬ ಮಾತು ನಮ್ಮಲ್ಲಿ ಸಾಮಾನ್ಯ. ಕೇಳಲು ನೇರವಾಗಿದೆ. ಆದರೆ ಅದು ಕಳೆದುಕೊಳ್ಳಲು ಏನೂ ಇಲ್ಲದವರು ಅಥವಾ ಎಲ್ಲವೂ ಭದ್ರವಾಗಿರುವವರು ಮಾತ್ರ ಆಡಬಲ್ಲ ಮಾತು. ನಮ್ಮ ಪತ್ರಿಕೆಗಳ ಆಪ್ತಸಲಹೆಯ ಅಂಕಣಗಳಲ್ಲಿ ದಶಕಗಳಿಂದ ‘ಹೆಸರು ಬೇಡ, ಊರು ಬೇಡ’ ಎಂಬ ಒಕ್ಕಣೆಯ ಪತ್ರಗಳು ಅಚ್ಚಾಗುತ್ತಿವೆ. ಗಂಡನ ಹೊಡೆತ, ಮೇಲಧಿಕಾರಿಯ ಕಿರುಕುಳ, ಹೇಳಿಕೊಳ್ಳಲಾಗದ ಕಾಯಿಲೆ ಇವೆಲ್ಲ ಆ ಒಂಬತ್ತಕ್ಷರದ ಮರೆಯಲ್ಲೇ ಮೊದಲು ಬೆಳಕು ಕಂಡವು. ಪೀಣ್ಯದ ಕಾರ್ಖಾನೆಯ ಹೆಣ್ಣುಮಗಳು, ಯಲಹಂಕದ ಸರ್ಕಾರಿ ನೌಕರ, ಆರ್.ಟಿ. ನಗರದಲ್ಲಿ ಜಾತಿ ಮರೆಮಾಚಿ ಬಾಡಿಗೆ ಮನೆ ಹಿಡಿದಿರುವ ಯುವಕ, ಹೆಬ್ಬಾಳದಾಚೆಯ ಮಾನ್ಯತಾ ಟೆಕ್ ಪಾರ್ಕಿನ ಗುತ್ತಿಗೆ ತಂತ್ರಜ್ಞೆ ಇವರಿಗೆಲ್ಲ ಹೆಸರೆಂಬುದು ಮಾತಿಗೆ ತೆರಬೇಕಾದ ಬೆಲೆ. ಕೆಲವೊಮ್ಮೆ ಆ ಬೆಲೆ ಅವರ ಅನ್ನವೇ ಆಗಿರುತ್ತದೆ.

ಪ್ರಭುತ್ವದ ಕಣ್ಣಿಗೆ ಬೀಳದೆ ಬರೆಯುವ ಅಗತ್ಯವೂ ನಮಗೆ ಹೊಸದಲ್ಲ. 1908ರಲ್ಲಿ ಮೈಸೂರು ಸಂಸ್ಥಾನ ಪತ್ರಿಕಾ ನಿಯಂತ್ರಣ ಕಾನೂನನ್ನು ತಂದಾಗ ‘ತಾತಯ್ಯ’ ಎಂದು ನಾಡು ಕರೆದ ಎಂ. ವೆಂಕಟಕೃಷ್ಣಯ್ಯನವರು ಅದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ತುರ್ತು ಪರಿಸ್ಥಿತಿಯ 21 ತಿಂಗಳುಗಳಲ್ಲಿ ಸೆನ್ಸಾರಿನ ಕತ್ತರಿಗೆ ಸಿಗದೆ ಸುದ್ದಿ ಹರಿದದ್ದು ಮುದ್ರಕರ ಹೆಸರಿಲ್ಲದ ಭೂಗತ ಕರಪತ್ರಗಳಲ್ಲಿ. ಅಂದು ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಬಂಧಿಸಿಟ್ಟಿದ್ದು, ನಟಿ ಸ್ನೇಹಲತಾ ರೆಡ್ಡಿ ಆರೋಗ್ಯ ಕಳೆದುಕೊಂಡದ್ದು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ. ಆ ಜೈಲೇ ಈಗ ‘ಫ್ರೀಡಂ ಪಾರ್ಕ್’. 2021ರ ಪೊಲೀಸ್ ಆದೇಶದ ಪ್ರಕಾರ ನಗರದಲ್ಲಿ ಪ್ರತಿಭಟನೆಗೆ ಇರುವ ಜಾಗವೂ ಅದೊಂದೇ! ಬೀದಿಯಲ್ಲಿ ಕೂಡುವ ಜಾಗ ಹಳೆಯ ಜೈಲಿನ ಆವರಣಕ್ಕೆ ಇಳಿದಿರುವಾಗ ಪರದೆಯ ಮೇಲೆ ಕೂಡುವ ಜಾಗದ ಬೆಲೆ ತಾನಾಗಿಯೇ ಏರುತ್ತದೆ.

ಅನಾಮಿಕತೆಗೂ ಸಂಘಟನೆಗೂ ಇರುವ ನಂಟನ್ನು ತೋರಿಸಿಕೊಟ್ಟ ಪ್ರಸಿದ್ಧ ಮೊಕದ್ದಮೆ ಅಮೆರಿಕದ್ದು. ಕರಿಯರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಸ್ಥೆ ತನ್ನ ಸದಸ್ಯರ ಪಟ್ಟಿಯನ್ನು ಒಪ್ಪಿಸಬೇಕೆಂದು ಅಲಬಾಮಾ ರಾಜ್ಯ ಪಟ್ಟು ಹಿಡಿಯಿತು. ಪಟ್ಟಿ ಬಯಲಾದರೆ ಸದಸ್ಯರು ಕೆಲಸ ಕಳೆದುಕೊಳ್ಳುತ್ತಾರೆ, ಹಲ್ಲೆಗೆ ಗುರಿಯಾಗುತ್ತಾರೆ; ಆಗ ಸಂಘ ಕಟ್ಟುವ ಸ್ವಾತಂತ್ರ್ಯ ಕಾಗದದ ಮೇಲೆ ಮಾತ್ರ ಉಳಿಯುತ್ತದೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1958ರಲ್ಲಿ ಆ ಬೇಡಿಕೆಯನ್ನು ತಳ್ಳಿಹಾಕಿತು. ಇಂದಿನ ವಾಟ್ಸ್‌ಆ್ಯಪ್ ಗುಂಪೆಂದರೆ ಪ್ರತಿಯೊಬ್ಬ ಸದಸ್ಯನ ಫೋನ್ ಸಂಖ್ಯೆಯುಳ್ಳ ಸಿದ್ಧ ಸದಸ್ಯರ ಪಟ್ಟಿ. ಒಬ್ಬರ ಫೋನ್ ಜಪ್ತಿಯಾದರೆ ಇಡೀ ಸಂಘ ಬಯಲಾಗುತ್ತದೆ.

ಜಾಲಹಳ್ಳಿಯ ಸವಾಲು

ಅನಾಮಿಕತೆಯನ್ನು ಸಮರ್ಥಿಸುವವರು ಎದುರಿಸಲೇಬೇಕಾದ ಕಠಿಣ ಉದಾಹರಣೆಯೂ ಉತ್ತರ ಬೆಂಗಳೂರಿನದೇ. ‘ಶಮಿ ವಿಟ್ನೆಸ್’ ಎಂಬ ಹೆಸರಿನ ಟ್ವಿಟರ್ ಖಾತೆಯೊಂದು ಐಎಸ್ ಉಗ್ರರ ಕೃತ್ಯಗಳನ್ನು ಹೊಗಳುತ್ತ, ಅವರ ಸುದ್ದಿಗಳನ್ನು ಹರಡುತ್ತ 17 ಸಾವಿರಕ್ಕೂ ಹೆಚ್ಚು ಹಿಂಬಾಲಕರನ್ನು ಸಂಪಾದಿಸಿತ್ತು. ಬ್ರಿಟನ್ನಿನ ‘ಚಾನೆಲ್ 4’ ವಾಹಿನಿ 2014ರ ಡಿಸೆಂಬರ್‌ನಲ್ಲಿ ಆ ಖಾತೆಯ ಹಿಂದಿದ್ದವನು ಬೆಂಗಳೂರಿನ ನೌಕರನೊಬ್ಬ ಎಂದು ಬಯಲು ಮಾಡಿತು. ಎರಡೇ ದಿನಗಳಲ್ಲಿ, ಡಿಸೆಂಬರ್ 13ರಂದು, ಪೊಲೀಸರು ಜಾಲಹಳ್ಳಿಯ ಬಾಡಿಗೆ ಕೋಣೆಯಲ್ಲಿ ಅವನನ್ನು ಬಂಧಿಸಿ ಯುಎಪಿಎ ಸೇರಿದಂತೆ ಹಲವು ಕಲಮುಗಳಡಿ ಪ್ರಕರಣ ದಾಖಲಿಸಿದರು. ಹಗಲು ಕಚೇರಿ, ರಾತ್ರಿ ಉಗ್ರರ ಪ್ರಚಾರ. ಅನಾಮಿಕತೆಯ ಮುಸುಕು ಎಂಥ ವಿಷಕ್ಕೂ ಆಶ್ರಯ ಕೊಡಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಬೇಕಿಲ್ಲ. ಪತ್ರಕರ್ತೆಯರಿಗೆ, ದಲಿತ ಬರಹಗಾರರಿಗೆ, ಭಿನ್ನಮತ ತಾಳಿದ ಯಾರಿಗೇ ಆಗಲಿ ಸುಳ್ಳು ಹೆಸರಿನ ಖಾತೆಗಳಿಂದ ನಿತ್ಯ ಬರುವ ಅತ್ಯಾಚಾರದ ಬೆದರಿಕೆಗಳು, ಅಶ್ಲೀಲ ಬೈಗುಳಗಳು ಇದೇ ವಿಷದ ಇನ್ನೊಂದು ಬಗೆ. ಒಬ್ಬರನ್ನು ಮಾತು ಬಿಡುವಂತೆ ಹೆದರಿಸುವುದು ವಾಕ್ ಸ್ವಾತಂತ್ರ್ಯದ ಚಲಾವಣೆಯಲ್ಲ, ಅದರ ಕೊಲೆ. ಆದರೆ ಜಾಲಹಳ್ಳಿಯ ಪ್ರಕರಣದಿಂದ ಕಲಿಯಬೇಕಾದ ಪಾಠ ಬೇರೆಯದೇ ಇದೆ. ಆ ಮುಸುಕು ಕಳಚಿದ್ದು ಪತ್ರಕರ್ತರ ಶೋಧನೆಯಿಂದ ಮತ್ತು ಪೊಲೀಸರ ತನಿಖೆಯಿಂದ. ದೇಶದ ಕೋಟ್ಯಂತರ ಜನರ ಮುಸುಕನ್ನು ಒಟ್ಟಿಗೆ ಕೀಳುವ ಕಾನೂನಿನಿಂದಲ್ಲ. ನಿರ್ದಿಷ್ಟ ಅಪರಾಧದ ಆಧಾರದ ಮೇಲೆ ನಿರ್ದಿಷ್ಟ ವ್ಯಕ್ತಿಯನ್ನು ಹುಡುಕುವ ಸಾಮರ್ಥ್ಯ ಅಂದಿನ ಕಾನೂನಿನಲ್ಲೇ ಇತ್ತು.

ಜಾಲಹಳ್ಳಿಗೂ ಸೋಲದೇವನಹಳ್ಳಿಗೂ ನಡುವೆ ಕೆಲವೇ ಕಿಲೋಮೀಟರುಗಳ ದಾರಿ. ಇವೆರಡರ ನಡುವಿನ ನೈತಿಕ ದೂರವನ್ನು ಅಳೆಯುವುದು ಹೇಗೆ? ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು 2015ರ ಮಾರ್ಚ್ 24ರಂದು ರದ್ದುಪಡಿಸಿದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೊಂದು ಅಳತೆಗೋಲನ್ನು ಕೊಟ್ಟಿದೆ. ಚರ್ಚೆ ಬೇರೆ, ಪ್ರತಿಪಾದನೆ ಬೇರೆ, ಪ್ರಚೋದನೆ ಬೇರೆ. ಮೊದಲೆರಡು ಎಷ್ಟೇ ಅಪ್ರಿಯವಾಗಿದ್ದರೂ ಹಕ್ಕು. ಮೂರನೆಯದನ್ನು ಮಾತ್ರ ಪ್ರಭುತ್ವ ತಡೆಯಬಹುದು. ಈ ಅಳತೆಗೋಲಿನಲ್ಲಿ ಮಾತನಾಡಿದವರ ಹೆಸರಿಗೆ ಜಾಗವಿಲ್ಲ ಎಂಬುದನ್ನು ಗಮನಿಸಬೇಕು. ಹೆಸರು ಹಾಕಿ ಆಡಿದ ಪ್ರಚೋದನೆಯೂ ಅಪರಾಧವೇ. ಹೆಸರಿಲ್ಲದೆ ಮಾಡಿದ ಚರ್ಚೆಯೂ ಹಕ್ಕೇ.

ತಪ್ಪು ವಿಳಾಸ

ಮುಸುಕು ಕೀಳುವ ಕೆಲಸ ಎಷ್ಟು ಸುಲಭವಾಗಿ ಅಡ್ಡದಾರಿ ಹಿಡಿಯಬಲ್ಲದು ಎಂಬುದಕ್ಕೂ ಬೆಂಗಳೂರೇ ಸಾಕ್ಷಿ. 2007ರ ಆಗಸ್ಟ್‌ನಲ್ಲಿ ಪುಣೆಯ ಪೊಲೀಸರು ಇಲ್ಲಿನ ಯುವ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರನ್ನು ಬಂಧಿಸಿದರು. ಆರ್ಕುಟ್ ತಾಣದಲ್ಲಿ ಛತ್ರಪತಿ ಶಿವಾಜಿಗೆ ಅವಮಾನ ಮಾಡುವ ಚಿತ್ರ ಹಾಕಿದ್ದಾರೆ ಎಂಬುದು ಆರೋಪ. ಗೂಗಲ್ ಕಂಪನಿ ಐಪಿ ವಿಳಾಸ ಕೊಟ್ಟಿತ್ತು. ಆ ವಿಳಾಸ ಯಾರದೆಂದು ಏರ್‌ಟೆಲ್ ತಿಳಿಸಿತ್ತು. ಕೊನೆಗೆ ನೋಡಿದರೆ ಕೊಟ್ಟ ಗ್ರಾಹಕನ ವಿವರವೇ ತಪ್ಪು. ಅಷ್ಟರಲ್ಲಿ ಆ ನಿರಪರಾಧಿ ಯೆರವಾಡಾ ಜೈಲಿನಲ್ಲಿ ಸುಮಾರು 50 ದಿನ ಕಳೆದಿದ್ದರು.

ಐಪಿ ವಿಳಾಸವೆಂಬುದು ಮನೆಯ ವಿಳಾಸದಂಥದ್ದಲ್ಲ. ಸೇವಾ ಕಂಪನಿ ಒಂದೇ ಸಂಖ್ಯೆಯನ್ನು ಇವತ್ತು ಒಬ್ಬರಿಗೆ, ನಾಳೆ ಇನ್ನೊಬ್ಬರಿಗೆ ಕೊಡುತ್ತದೆ. ಸಮಯದ ನಮೂದಿನಲ್ಲಿ ಸಣ್ಣ ವ್ಯತ್ಯಾಸವಾದರೂ, ಗ್ರೀನಿಚ್ ಕಾಲಕ್ಕೂ ಭಾರತೀಯ ಕಾಲಕ್ಕೂ ಇರುವ ಐದೂವರೆ ಗಂಟೆಯ ಅಂತರವನ್ನು ಮರೆತರೂ, ಬೆರಳು ಬೇರೊಬ್ಬರ ಕಡೆ ತಿರುಗುತ್ತದೆ. ಮೊಬೈಲ್ ಜಾಲದಲ್ಲಿ ನೂರಾರು ಗ್ರಾಹಕರು ಏಕಕಾಲಕ್ಕೆ ಒಂದೇ ಸಾರ್ವಜನಿಕ ಐಪಿಯ ಹಿಂದೆ ಇರಬಹುದು. ಮನೆಯೊಂದರ ವೈ-ಫೈ ಬಳಸುವವರು ಮನೆಯವರಷ್ಟೇ ಆಗಿರಬೇಕಿಲ್ಲ. ಹೀಗಿರುವಾಗ ಐಪಿ ವಿಳಾಸ ತನಿಖೆಯ ಮೊದಲ ಮೆಟ್ಟಿಲಾಗಬಹುದೇ ಹೊರತು ಕೈಕೋಳದ ಬೀಗದ ಕೈಯಲ್ಲ.

ವದಂತಿಯ ದಿನಗಳಲ್ಲಿ ಪ್ರಭುತ್ವ ಗಾಬರಿಯಿಂದ ಏನು ಮಾಡುತ್ತದೆ ಎಂಬುದನ್ನು 2012ರ ಆಗಸ್ಟ್‌ನಲ್ಲಿ ನೋಡಿದ್ದೇವೆ. ಎಸ್‌ಎಂಎಸ್ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ಆ ಭಯ ನಿಜವಾಗಿತ್ತು. ಅದನ್ನು ಹುಟ್ಟಿಸಿದವರಿಗೆ ಕ್ಷಮೆಯಿಲ್ಲ. ಕೇಂದ್ರ ಸರ್ಕಾರ ಇಡೀ ದೇಶಕ್ಕೆ ದಿನಕ್ಕೆ ಐದೇ ಎಸ್‌ಎಂಎಸ್ ಎಂಬ ಮಿತಿ ಹೇರಿತು. ನೂರಾರು ಜಾಲಪುಟಗಳನ್ನು ಮುಚ್ಚಿಸಿತು. ಬೆಂಗಳೂರಿನ ‘ಸೆಂಟರ್ ಫಾರ್ ಇಂಟರ್‌ನೆಟ್ ಆ್ಯಂಡ್ ಸೊಸೈಟಿ’ ಮುಚ್ಚಿಸಲಾದ 309 ಕೊಂಡಿಗಳ ಪಟ್ಟಿಯನ್ನು ಪರಿಶೀಲಿಸಿದಾಗ ವದಂತಿ ಸುಳ್ಳೆಂದು ಹೇಳಿದವರ ಬರಹಗಳೂ ಅದರಲ್ಲಿದ್ದವು. ಬೆಂಕಿ ಹಚ್ಚಿದವನ ಬಾಯಿಗೂ ನೀರು ಹೊತ್ತವನ ಬಾಯಿಗೂ ಒಂದೇ ಬೀಗ!

ಬಿಗಿಯಾಗುತ್ತಿರುವ ಕುಣಿಕೆ

ಹೆಸರು ಕೇಳುವ ಆಡಳಿತದ ಹಂಬಲ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ. ಸೈಬರ್ ಕೆಫೆಗೆ ಬಂದವರ ಗುರುತು, ದಾಖಲೆ ಇರಿಸಬೇಕೆಂದು 2004ರಲ್ಲೇ ನಿಯಮ ಮಾಡಿದ ರಾಜ್ಯ ನಮ್ಮದು. ದಿಶಾ ರವಿ ಅವರಿಗೆ ಜಾಮೀನು ದೊರೆತ ಎರಡೇ ದಿನಕ್ಕೆ, 2021ರ ಫೆಬ್ರವರಿ 25ರಂದು, ಕೇಂದ್ರ ಸರ್ಕಾರ ಪ್ರಕಟಿಸಿದ ಮಾಹಿತಿ ತಂತ್ರಜ್ಞಾನ ನಿಯಮಗಳು ದೊಡ್ಡ ಸಂದೇಶ ಸೇವೆಗಳಿಗೆ ಸಂದೇಶದ ‘ಮೊದಲ ಮೂಲ’ವನ್ನು ಗುರುತಿಸುವ ಹೊಣೆ ಹೊರಿಸಿದವು. ಆದೇಶ ಬಂದಾಗ ಮಾತ್ರ ಗುರುತಿಸಿದರೆ ಸಾಕು ಎನ್ನಬಹುದು. ಆದರೆ ನಾಳೆ ಯಾವ ಸಂದೇಶದ ಮೂಲ ಕೇಳುತ್ತಾರೋ ತಿಳಿಯದ ಕಾರಣ ಇವತ್ತು ಎಲ್ಲ ಸಂದೇಶಗಳಿಗೂ ಗುರುತು ಹಾಕಿಡಬೇಕಾಗುತ್ತದೆ. ವಾಟ್ಸ್‌ಆ್ಯಪ್ ಇದನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿತು. 2022ರ ಏಪ್ರಿಲ್ 28ರ ನಿರ್ದೇಶನ ವಿಪಿಎನ್ ಸೇವೆ ನೀಡುವವರು ಗ್ರಾಹಕರ ಹೆಸರು, ವಿಳಾಸಗಳನ್ನು ಐದು ವರ್ಷ ಕಾಪಿಡಬೇಕೆಂದಿತು. 2025ರ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಸಂದೇಶ ಆ್ಯಪ್‌ಗಳನ್ನು ಸಿಮ್ ಕಾರ್ಡಿಗೆ ಕಟ್ಟಿಹಾಕಬೇಕೆಂದು ಸೂಚಿಸಿತು. ಸೈಬರ್ ವಂಚನೆ ತಡೆಯುವುದು ಅದರ ಉದ್ದೇಶ. ಉದ್ದೇಶ ಒಳ್ಳೆಯದೇ, ಪರಿಣಾಮ ಮಾತ್ರ ವಂಚಕರಿಗಷ್ಟೇ ಸೀಮಿತವಲ್ಲ.

ಮಾತನ್ನೇ ಅಳಿಸುವ ದಾರಿಯೂ ಸಲೀಸಾಗಿದೆ. ಖಾತೆಗಳನ್ನು ತಡೆಯುವ ಆದೇಶಗಳನ್ನು ಪ್ರಶ್ನಿಸಿದ ಟ್ವಿಟರ್ ಕಂಪನಿಯ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2023ರ ಜೂನ್ 30ರಂದು 50 ಲಕ್ಷ ರೂಪಾಯಿ ದಂಡದೊಂದಿಗೆ ವಜಾ ಮಾಡಿತು. ‘ಸಹಯೋಗ’ ಪೋರ್ಟಲ್ ಮೂಲಕ ಅಧಿಕಾರಿಗಳು ಕಳಿಸುವ ಸೂಚನೆಗಳ ವಿರುದ್ಧ ಅದೇ ಕಂಪನಿ ಹೂಡಿದ ದಾವೆಯೂ 2025ರ ಸೆಪ್ಟೆಂಬರ್ 24ರಂದು ಬಿದ್ದುಹೋಯಿತು. 2025ರ ಜುಲೈನಲ್ಲಿ ಧರ್ಮಸ್ಥಳ ಪ್ರಕರಣದ ಸಂದರ್ಭದಲ್ಲಿ ಬೆಂಗಳೂರಿನ ಸಿವಿಲ್ ನ್ಯಾಯಾಲಯ ಎದುರುಪಕ್ಷದವರ ಮಾತು ಕೇಳುವ ಮೊದಲೇ 8,842 ಕೊಂಡಿಗಳನ್ನು ತೆಗೆಯುವಂತೆ ಏಕಪಕ್ಷೀಯ ಆದೇಶ ನೀಡಿತು. ಒಂದು ಯೂಟ್ಯೂಬ್ ಚಾನೆಲ್ ಹೈಕೋರ್ಟಿನ ಮೆಟ್ಟಿಲೇರಿದಾಗ ಆಗಸ್ಟ್ 1ರಂದು ಅದಕ್ಕೆ ಸಂಬಂಧಿಸಿದಂತೆ ಆ ಆದೇಶ ರದ್ದಾಗಿ ಮರುವಿಚಾರಣೆಗೆ ಹೋಯಿತು. ಮೆಟ್ಟಿಲೇರುವ ಶಕ್ತಿ ಎಷ್ಟು ಮಂದಿಗಿದೆ?

ಎಲ್ಲರೂ ನಿಜನಾಮದಲ್ಲೇ ಬರೆಯಲಿ ಎನ್ನುವವರು ದಕ್ಷಿಣ ಕೊರಿಯಾದ ಅನುಭವವನ್ನು ನೋಡಬೇಕು. 2007ರಲ್ಲಿ ಅಲ್ಲಿ ದೊಡ್ಡ ತಾಣಗಳಲ್ಲಿ ಬರೆಯಲು ಗುರುತು ದೃಢೀಕರಣ ಕಡ್ಡಾಯವಾಯಿತು. 2011ರಲ್ಲಿ ಕಳ್ಳರು ಒಂದು ಕಂಪನಿಯ ಭಂಡಾರಕ್ಕೆ ಕನ್ನ ಹಾಕಿ ಸುಮಾರು ಮೂರೂವರೆ ಕೋಟಿ ಬಳಕೆದಾರರ ವಿವರ ದೋಚಿದರು. 2012ರ ಆಗಸ್ಟ್‌ನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಆ ಕಾನೂನನ್ನೇ ಒಮ್ಮತದಿಂದ ರದ್ದುಪಡಿಸಿತು. ನಮ್ಮಲ್ಲಿಯೂ ಅತ್ಯಂತ ಹೊಲಸಾದ ಬೈಗುಳಗಳನ್ನು ನಿಜಹೆಸರು, ನಿಜಮುಖ ತೋರಿಸಿಯೇ ಬರೆಯುವವರಿಗೆ ಕೊರತೆಯಿಲ್ಲ. ಸಭ್ಯತೆ ಗುರುತಿನ ಚೀಟಿಯಿಂದ ಬರುವುದಿಲ್ಲ.

ಏನಾಗಬೇಕು?

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಮೊದಲನೆಯದಾಗಿ, ಹೆಸರಿಲ್ಲದವರ ಗುರುತನ್ನು ಬಯಲು ಮಾಡಬೇಕಾದರೆ ನ್ಯಾಯಾಧೀಶರ ಮುಂದೆ ನಿರ್ದಿಷ್ಟ ಅಪರಾಧವನ್ನು ತೋರಿಸಿ ಅನುಮತಿ ಪಡೆಯುವ ಪದ್ಧತಿ ಕಡ್ಡಾಯವಾಗಬೇಕು. ಅಧಿಕಾರಿಯ ಸಹಿ ನ್ಯಾಯಾಧೀಶರ ಸಹಿಗೆ ಬದಲಿಯಲ್ಲ. ಎರಡನೆಯದಾಗಿ, ಐಪಿ ವಿಳಾಸವೊಂದನ್ನೇ ಆಧರಿಸಿ ಬಂಧಿಸುವುದು ನಿಲ್ಲಬೇಕು. ಮೂರನೆಯದಾಗಿ, ಗುಂಪಿನ ಸದಸ್ಯತ್ವ, ಕಡತಕ್ಕೆ ಸೇರಿಸಿದ ಎರಡು ಸಾಲು, ಬಳಸಿದ ಹ್ಯಾಷ್‌ಟ್ಯಾಗ್ ಇವು ತಾವಾಗಿಯೇ ಪಿತೂರಿಗೆ ಸಾಕ್ಷಿಯಾಗಬಾರದು. ನಾಲ್ಕನೆಯದಾಗಿ, ಬರಹವನ್ನು ತೆಗೆಸುವ ಮುನ್ನ, ತುರ್ತಿದ್ದರೆ ತೆಗೆಸಿದ ಕೂಡಲೇ, ಬರೆದವರಿಗೆ ಕಾರಣ ತಿಳಿಸಿ ಅವರ ಮಾತು ಕೇಳಬೇಕು. ರಾಜ್ಯ ಸರ್ಕಾರ ಸುಳ್ಳು ಸುದ್ದಿ ತಡೆಗೆ 2025ರ ಜೂನ್‌ನಲ್ಲಿ ಮಂಡಿಸಿದ ಕರಡಿನಲ್ಲಿ ಏಳು ವರ್ಷದವರೆಗಿನ ಸೆರೆವಾಸವಿತ್ತು. ಅದೇ ಡಿಸೆಂಬರ್‌ನಲ್ಲಿ ದ್ವೇಷಭಾಷಣ ತಡೆ ಮಸೂದೆಗೆ ಉಭಯ ಸದನಗಳ ಒಪ್ಪಿಗೆ ದೊರೆಯಿತು. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಶಿಕ್ಷೆಯ ಅವಧಿ ಹೆಚ್ಚಿಸುವುದು ಸುಲಭ. ವ್ಯಾಖ್ಯೆ ಬಿಗಿಗೊಳಿಸುವುದು ಕಷ್ಟ. ಇಂದು ಒಬ್ಬರ ವಿರುದ್ಧ ಹರಿತಗೊಳಿಸಿದ ಕತ್ತಿ ನಾಳೆ ಇನ್ನೊಬ್ಬರ ಕೈ ಸೇರುತ್ತದೆ ಎಂಬ ಎಚ್ಚರ ಶಾಸಕರಿಗಿರಬೇಕು.

ನಾಗರಿಕರ ಹೊಣೆಯೂ ಕಡಿಮೆಯದಲ್ಲ. ಮುಸುಕಿನ ಮರೆಯಲ್ಲಿ ಬಲಿಷ್ಠರನ್ನು ಪ್ರಶ್ನಿಸುವುದಕ್ಕೂ ದುರ್ಬಲರನ್ನು ಹೊಡೆಯುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದರ ಮರ್ಯಾದೆ ಉಳಿಯಬೇಕಾದರೆ ಎರಡನೆಯದನ್ನು ನಮ್ಮ ನಮ್ಮ ಗುಂಪುಗಳಲ್ಲೇ ಖಂಡಿಸಬೇಕು. ಬಂದದ್ದನ್ನೆಲ್ಲ ಮುಂದೂಡುವ ಬೆರಳಿಗೆ ಒಂದಿಷ್ಟು ತಾಳ್ಮೆ ಕಲಿಸಬೇಕು.

2019ರ ಡಿಸೆಂಬರ್ 18ರಂದು ಬೆಂಗಳೂರಿನಲ್ಲಿ ಹೊರಡಿಸಿದ ನಿಷೇಧಾಜ್ಞೆ ಕಾನೂನುಬಾಹಿರ ಎಂದು ಕರ್ನಾಟಕ ಹೈಕೋರ್ಟ್ ತೀರ್ಪಿತ್ತದ್ದು 2020ರ ಫೆಬ್ರವರಿ 13ರಂದು. ಸೋಲದೇವನಹಳ್ಳಿಗೆ ದೆಹಲಿ ಪೊಲೀಸರು ಬಂದದ್ದು ಸರಿಯಾಗಿ ಒಂದು ವರ್ಷದ ಬಳಿಕ ಅದೇ ದಿನಾಂಕದಂದು. ತೀರ್ಪುಗಳು ತಾವಾಗಿಯೇ ಹಕ್ಕುಗಳನ್ನು ಕಾಯುವುದಿಲ್ಲ ಎಂಬುದಕ್ಕೆ ಈ ಕಾಕತಾಳೀಯ ಸಾಕು. ಈಗ ಅದೇ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುರಂಗ ರಸ್ತೆಯ ಪ್ರಸ್ತಾಪವಿದೆ. ಬೇಕು ಎನ್ನುವವರಿದ್ದಾರೆ, ಬೇಡ ಎನ್ನುವವರಿದ್ದಾರೆ. ಅವರು ಮತ್ತೆ ಗುಂಪು ಕಟ್ಟುತ್ತಾರೆ, ಕಡತ ಹಂಚಿಕೊಳ್ಳುತ್ತಾರೆ, ಎಲ್ಲಿ ನಿಲ್ಲಬೇಕೆಂದು ಪರಸ್ಪರ ತಿಳಿಸುತ್ತಾರೆ. ಆಗ ಆಡಳಿತ ಅವರ ಮಾತಿಗೆ ಉತ್ತರ ಕೊಡಬೇಕೇ ಹೊರತು, ಇದನ್ನು ಬರೆದವರು ಯಾರು, ನಿಮ್ಮ ಜೊತೆ ಇನ್ನು ಯಾರ್‍ಯಾರಿದ್ದಾರೆ ಎಂದು ಕೇಳಬಾರದು.